ತಲೆಕೆಳಗಾದ ಕ್ಲ್ಯಾಪ್

ಸಿನಿಮಾ ನಿರ್ದೇಶಕರನ್ನು ಕಂಡರೆ ನನಗೆ ಆಗುವುದಿಲ್ಲ. ಎಷ್ಟು ಜನರನ್ನು ನೋಡಿದ್ದೀರಿ ಎಂದು ಕೇಳಬೇಡಿ. ಒಬ್ಬನನ್ನು ನೋಡಿದ್ದೇನೆ, ಸಾಕು. ನಾನು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸದವಳು. ಬೆಳಗಿನಿಂದ ಸಂಜೆಯವರೆಗೆ ಜನ ನನ್ನನ್ನು ನೋಡಿ ಮುಖ ಕಿವುಚುತ್ತಾರೆ. ಹಾಗಾಗಿ ಯಾರ ಮೇಲೂ ವಿಶೇಷ ಅಕ್ಕರೆ ಉಳಿದಿಲ್ಲ. ಇಲ್ಲಿ ಹೇಳಹೊರಟಿರುವುದು ನನ್ನ ತಂಗಿಯ ಕಥೆ. ಅವಳ ಮೇಲೂ ನನಗೆ ಕೋಪವಿದೆ. ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಅಕ್ಕ ತಂಗಿಯನ್ನು ಹೊಗಳಲು ಕೂತಿದ್ದಾಳೆ ಅಂದುಕೊಂಡೀರಿ.

ತಂಗಿ ಸಿನಿಮಾ ಕಾಲೇಜಿಗೆ ಸೇರಿ ಸಂಕಲನ ವಿಭಾಗ ತೆಗೆದುಕೊಂಡಳು. ಅಮ್ಮ ಪ್ರೈಮರಿ ಸ್ಕೂಲಿನಲ್ಲಿ ಟೀಚರಾಗಿದ್ದು ನಿವೃತ್ತಳಾದವಳು. ಪ್ರವೇಶಪತ್ರ ನೋಡಿದ್ದೇ ಅವಳ ಹುಬ್ಬು ಮೇಲೇರಿತು.

“ಸಂಕಲನಾನಾ? ಅದನ್ನ ನಿನಗೆ ಎರಡನೇ ಕ್ಲಾಸಲ್ಲೇ ಕಲಿಸಿದ್ದೀನಲ್ಲೇ! ಕೂಡೋ ಲೆಕ್ಕ ಕಲಿಯೋಕೆ ಕಾಲೇಜು ಯಾಕೆ?”

“ಅಯ್ಯೋ ಅಮ್ಮಾ, ಇದು ಎಡಿಟಿಂಗು. ಶೂಟಿಂಗ್ ಮಾಡಿ ತಂದಿದ್ರಲ್ಲಿ ಬೇಡದ್ದನ್ನ ಕತ್ತರಿಸಿ ತೆಗೆಯೋದು.”

“ತೆಗೆಯೋದಾದ್ರೆ ಅದು ವ್ಯವಕಲನ. ಕಾಲೇಜಿನವರು ಬೋರ್ಡಲ್ಲೇ ತಪ್ಪು ಬರೆದಿದ್ದಾರೆ. ನಾನೇ ಬಂದು ಹೇಳ್ತೀನಿ.”

ತಮಾಷೆ ಎಂದುಕೊಂಡೆವು. ಮರುವಾರವೇ ಅಮ್ಮ ಹೋಗಿ ಹೇಳಿಯೇಬಿಟ್ಟಳು. ಎಡಿಟಿಂಗ್ ಕಲಿಸುವ ಮೇಷ್ಟ್ರು ನಗು ಎಂಬುದನ್ನು ಹುಟ್ಟಿದಾಗಲೇ ಕತ್ತರಿಸಿ ಎಸೆದ ಮನುಷ್ಯ. ಕನ್ನಡಕದ ಮೇಲಿಂದ ಅಮ್ಮನನ್ನು ನೋಡಿ, “ನಿಮ್ಮ ಮಗಳು ಮೊದಲು ಕಳೆಯೋದು ಕಲೀಲಿ ತಾಯಿ, ಆಮೇಲೆ ಬೋರ್ಡ್ ಬದಲಾಯಿಸೋಣ” ಅಂದರಂತೆ. ತಂಗಿ ಅವತ್ತು ಮನೆಗೆ ಬಂದು ಬಾಗಿಲು ಬಡಿದುಕೊಂಡು ಒಳಗೆ ಕೂತಳು. ಊಟಕ್ಕೂ ಏಳಲಿಲ್ಲ. ಅಮ್ಮನಿಗೆ ಮಾತ್ರ ತಾನು ಏನೋ ಒಂದು ಸರಿಮಾಡಿ ಬಂದ ಸಮಾಧಾನ.

ಆ ಕಾಲೇಜಿನ ಪದ್ಧತಿ ಹೀಗಿತ್ತು. ನಿರ್ದೇಶನ ಕಲಿಯುವವರು ಸಿನಿಮಾ ತೆಗೆಯಬೇಕು, ಸಂಕಲನ ಕಲಿಯುವವರು ಅವುಗಳನ್ನು ಕತ್ತರಿಸಿ ಜೋಡಿಸಬೇಕು. ಕೆಲಸ ಕಲಿಯಲು ಬೇರೆ ದಾರಿಯೇ ಇಲ್ಲ. ನಿರ್ದೇಶಕ ತಂದದ್ದು ಕಸವಾದರೂ ಅದರಲ್ಲೇ ಕೈಯಾಡಿಸಬೇಕು. ಮೆಟ್ಟಿಲ ಕೆಳಗೆ ಸಾಲಾಗಿ ಎಡಿಟಿಂಗ್ ಕೋಣೆಗಳಿದ್ದವು. ಕಿಟಕಿಯಿಲ್ಲ, ಗೋಡೆಗೆಲ್ಲ ಬೂದುಬಣ್ಣದ ಕಾರ್ಪೆಟ್ ಅಂಟಿಸಿದೆ, ಹಳೇ ಎಸಿಯಿಂದ ಒದ್ದೆ ಕಾಲುಚೀಲದ ವಾಸನೆ. ಒಂದೊಂದು ಕೋಣೆಗೂ ಎರಡು ಕುರ್ಚಿ. ಒರಗುವ ಕುರ್ಚಿ ನಿರ್ದೇಶಕನಿಗೆ, ಅವನು ಅದರಲ್ಲಿ ನಿದ್ದೆ ಹೊಡೆಯುತ್ತಾನೆ. ಕಾಲು ಅಲ್ಲಾಡುವ ಕುರ್ಚಿ ಕೆಲಸ ಮಾಡುವವರಿಗೆ.

ತಂಗಿಯ ಮೊದಲ ಸಿನಿಮಾ ಬೀಗದ ಕೈ ಕಳೆದುಕೊಂಡ ಗುಮಾಸ್ತನ ಕಥೆ. ಇವಳು ಒಂದು ಶಾಟನ್ನೂ ಬಿಡದೆ ಎಲ್ಲವನ್ನೂ ಜೋಡಿಸಿದಳು. ಗುಮಾಸ್ತ ಜೇಬು ಹುಡುಕುತ್ತಾನೆ, ಚೀಲ ಹುಡುಕುತ್ತಾನೆ, ಮತ್ತೆ ಜೇಬು ಹುಡುಕುತ್ತಾನೆ. ನೋಡುವವರಿಗೆ ತಾವೇ ಎದ್ದು ಹೋಗಿ ಬಾಗಿಲು ಒದೆಯಬೇಕು ಅನ್ನಿಸುತ್ತಿತ್ತು. ಯಾಕೆ ಎಲ್ಲವನ್ನೂ ಇಟ್ಟೆ ಎಂದು ಮೇಷ್ಟ್ರು ಕೇಳಿದ್ದಕ್ಕೆ ಇವಳು, “ಕಷ್ಟಪಟ್ಟು ತೆಗೆದಿದ್ದಾರೆ ಸರ್, ಪಾಪ ಅನ್ನಿಸ್ತು” ಅಂದಳು.

“ಪಾಪ ಅನ್ಸಿದ್ರೆ ಅನಾಥಾಶ್ರಮ ನಡೆಸಮ್ಮ, ಈ ಕುರ್ಚಿ ಬಿಡು” ಅಂದರು ಮೇಷ್ಟ್ರು.

ಎರಡನೇ ಸಿನಿಮಾದಲ್ಲಿ ಆ ಸಿಟ್ಟನ್ನೆಲ್ಲ ತೀರಿಸಿಕೊಂಡಳು. ಎಷ್ಟು ಕತ್ತರಿಸಿದಳೆಂದರೆ ನಾಯಕ ಆಫೀಸಿನಿಂದ ಹೊರಡುವ ಮೊದಲೇ ಮನೆ ತಲುಪಿದ್ದ. ಆ ಸಿನಿಮಾದ ನಿರ್ದೇಶಕಿ ಇವಳ ಜೊತೆ ಮಾತು ಬಿಟ್ಟಳು, ಇವತ್ತಿಗೂ ಆಡುವುದಿಲ್ಲ. ಮನೆಯಲ್ಲಿ ಇವಳು ನಮ್ಮ ಜೊತೆ ಮಾತು ಬಿಟ್ಟಳು. ಏನು ಕೇಳಿದರೂ ಮೈಮೇಲೆ ಬೀಳುವಳು. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆಯ ಮನೆ ನಮ್ಮದು. ಒಬ್ಬಳು ಉರಿದುಬಿದ್ದರೆ ಉಳಿದಿಬ್ಬರಿಗೂ ಬಿಸಿ ತಾಗದೆ ಇರುವುದಿಲ್ಲ.

ಮೂರನೇ ಸಿನಿಮಾದ ಹೊತ್ತಿಗೆ ಇವಳ ಕೈ ಕುದುರಿತು. ಕೈ ಎನ್ನುವುದಕ್ಕಿಂತ ಕಿವಿ ಎನ್ನಬೇಕು. ಸಿನಿಮಾ ತೆಗೆಯುವಾಗ ಚಿತ್ರ ಕ್ಯಾಮೆರಾದಲ್ಲಿ, ಧ್ವನಿ ಬೇರೊಂದು ಯಂತ್ರದಲ್ಲಿ ದಾಖಲಾಗುತ್ತದೆ. ಶಾಟಿನ ಮೊದಲಿಗೆ ಆ ಕಪ್ಪುಬಿಳಿ ಬೋರ್ಡನ್ನು ಟಪ್ ಎಂದು ಹೊಡೆಯುವುದು ಅದಕ್ಕೇ. ಹೊಡೆದದ್ದು ಕಾಣುವ ಜಾಗವನ್ನೂ ಕೇಳುವ ಜಾಗವನ್ನೂ ಒಂದಕ್ಕೊಂದು ಕೂಡಿಸಿದರೆ ತುಟಿಗೆ ಮಾತು ಹೊಂದುತ್ತದೆ. ಎಲ್ಲರೂ ಕ್ಲ್ಯಾಪಿನ ನಂತರದ್ದನ್ನು ಮಾತ್ರ ನೋಡಿ ಕೆಲಸ ಮುಗಿಸುತ್ತಾರೆ. ತಂಗಿ ಕ್ಲ್ಯಾಪಿಗೆ ಮುಂಚಿನ ಪಿಸುಮಾತು, ‘ಕಟ್’ ಅಂದಮೇಲಿನ ಗೊಣಗಾಟ ಎಲ್ಲವನ್ನೂ ಕೂತು ಕೇಳತೊಡಗಿದಳು. ಗಂಡಹೆಂಡಿರ ಜಗಳದ ದೃಶ್ಯವೊಂದು ಏನು ಮಾಡಿದರೂ ಸಪ್ಪೆಯಾಗಿತ್ತು. ‘ಕಟ್’ ಅಂದಮೇಲೆ ನಟಿ ಚಪ್ಪಲಿ ಬಿಚ್ಚುತ್ತ ಒಂದು ನಿಟ್ಟುಸಿರು ಬಿಟ್ಟಿದ್ದಳು, ಪಾಪ, ಕಾಲುನೋವಿಗೆ. ತಂಗಿ ಆ ನಿಟ್ಟುಸಿರನ್ನು ಎತ್ತಿ ಗಂಡನ ಮಾತಿನ ಕೊನೆಗೆ ಹಾಕಿದಳು. ಇಡೀ ಸಂಸಾರ ಮುರಿದುಬಿದ್ದದ್ದು ಅಲ್ಲಿ ಕೇಳಿಸಿತು.

“ಎಲ್ಲಿಂದ ಕದ್ದೆ ಇದನ್ನ?” ಅಂದರು ಮೇಷ್ಟ್ರು. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಯಾರೂ ಕೇಳಿದ್ದಿಲ್ಲ.

ನಿರ್ದೇಶಕರಿಗೆ ಮಾತ್ರ ಹೆದರಿಕೆ ಹುಟ್ಟಿತು. ಯಂತ್ರ ನಿಂತಿದೆ ಎಂದುಕೊಂಡು ಯಾರು ಯಾರನ್ನು ಏನು ಬೈದರು, ಯಾರು ನಟಿಯ ಮೈಬಣ್ಣದ ಬಗ್ಗೆ ಹಲ್ಲುಕಿರಿದರು ಎಲ್ಲವೂ ಇವಳಿಗೆ ಗೊತ್ತಾಗುತ್ತಿತ್ತು. ಕಳ್ಳಕಿವಿ ಎಂದು ಹೆಸರಿಟ್ಟರು. ಇವಳು ಎದುರಾದರೆ ಮಾತು ನಿಲ್ಲಿಸುತ್ತಿದ್ದರು. ಇವಳಿಗೆ ಅದು ಹೆಮ್ಮೆ. ಕಾಲೇಜಿನಲ್ಲಿ ಒಬ್ಬ ಸ್ನೇಹಿತೆಯೂ ಇಲ್ಲದಿದ್ದರೂ ತಲೆ ಮಾತ್ರ ಎತ್ತಿಕೊಂಡೇ ನಡೆಯುತ್ತಿದ್ದಳು.

ಆ ಹೊತ್ತಿಗೆ ಬಂದವನು ದೊರೆ. ಹೆಸರು ಬೇರೆ ಇತ್ತು, ನಾವು ಕರೆದದ್ದು ಹಾಗೆ. ಬಿಸಿಲಿರಲಿ ಇಲ್ಲದಿರಲಿ ಕುತ್ತಿಗೆಗೊಂದು ಶಾಲು, ಮಾತಾಡುವಾಗ ಎದುರಿಗಿದ್ದವರನ್ನು ಬಿಟ್ಟು ಅವರ ತಲೆಯ ಮೇಲಿನ ಗೋಡೆ ನೋಡುವ ಚಾಳಿ. ಕೊನೆಯ ವರ್ಷದ ಸಿನಿಮಾಕ್ಕೆ ಅವನು ನಿರ್ದೇಶಕ, ತಂಗಿ ಸಂಕಲನಕಾರ್ತಿ ಎಂದು ಕಾಲೇಜು ಗಂಟುಹಾಕಿತು. ಇಬ್ಬರಿಗೂ ಒಂದೇ ಸಿನಿಮಾ, ಅದು ಮುಗಿಯದಿದ್ದರೆ ಇಬ್ಬರೂ ಫೇಲು. ಮೊದಲ ದಿನದಿಂದಲೇ ಎಣ್ಣೆ ಸೀಗೆಕಾಯಿ. ಅವನು ಬರೆದದ್ದನ್ನು ಇವಳು ಉದ್ದವಾಯಿತು ಎನ್ನುವಳು, ಇವಳು ಮಾತಾಡಿದ್ದನ್ನು ಅವನು ಟೆಕ್ನಿಕಲ್ ವಿಷಯ ಎಂದು ತಳ್ಳಿಹಾಕಿಬಿಡುವನು.

ಕಥೆ ಇಷ್ಟೇ. ಒಬ್ಬ ತಾಯಿ ಕಚೇರಿಯೊಂದರ ಉದ್ದನೆಯ ಬೆಂಚಿನ ಮೇಲೆ ಮಗನಿಗಾಗಿ ಕಾದು ಕೂತಿದ್ದಾಳೆ. ಮಗ ಹಿಂದಿನ ಬಾಗಿಲಿನಿಂದ ಹೋಗಿಬಿಟ್ಟ ಎಂದು ಜವಾನ ಹೇಳುತ್ತಾನೆ. ಅವಳು ಅಳುತ್ತಾಳೆ. ಮುಗಿಯಿತು. ತಾಯಿಯ ಪಾತ್ರಕ್ಕೆ ದೊರೆ ಯಾರ್‍ಯಾರನ್ನೋ ನೋಡಿ ಬೇಡವೆಂದ. ಒಂದು ದಿನ ಅಮ್ಮ ಕಾಲೇಜಿನ ಕ್ಯಾಂಟೀನಿನಲ್ಲಿ ನಿಂತು ತಿಂಡಿ ಬೋರ್ಡಿನ ಕಾಗುಣಿತ ತಿದ್ದುತ್ತಿದ್ದದ್ದು ಅವನ ಕಣ್ಣಿಗೆ ಬಿತ್ತು. ತಂಗಿ ಮರೆತುಹೋದ ಕನ್ನಡಕವನ್ನೋ ಛತ್ರಿಯನ್ನೋ ಕೊಡಲು ಅಮ್ಮ ಆಗಾಗ ಅಲ್ಲಿಗೆ ಹೋಗುವುದು, ಹೋದವಳು ಸುಮ್ಮನೆ ಬರದೆ ಹುಡುಗರನ್ನು ಕೂರಿಸಿಕೊಂಡು ಪಾಠ ಹೇಳುವುದು ರೂಢಿಯಾಗಿತ್ತು. “ಈ ಮುಖ ನನಗೆ ಬೇಕು” ಅಂದ ದೊರೆ, ಅಂಗಡಿಯಲ್ಲಿ ಬದನೆಕಾಯಿ ಆರಿಸಿದಂತೆ.

ಅಮ್ಮನಿಗೆ ಒಳಗೊಳಗೇ ಖುಷಿ. ಮೇಲೆ ಮಾತ್ರ, “ಆ ಹುಡುಗ ಅಷ್ಟು ಕೇಳ್ತಾನೆ, ಇಲ್ಲ ಅನ್ನೋಕಾಗುತ್ತಾ” ಎಂಬ ಬಿಗುಮಾನ. ಕನ್ನಡಿಯ ಮುಂದೆ ಕೂತು ಕಾಯುವುದನ್ನು ಅಭ್ಯಾಸ ಮಾಡಿದಳು. ಕಾಯುವುದು ಬಂತು. ಅಳುವುದು ಬರಲಿಲ್ಲ. ನಮ್ಮಮ್ಮ ಅಳುವವಳಲ್ಲ. ಅಪ್ಪ ತೀರಿಕೊಂಡಾಗ ಕೂಡ ಬಂದವರಿಗೆಲ್ಲ ಕುರ್ಚಿ ಹಾಕಿಸಿ, ನೀರು ಕೊಡಿಸಿ, ಅಳುತ್ತಿದ್ದ ನಮ್ಮಿಬ್ಬರಿಗೂ ಮೂಗು ಒರೆಸಿಕೊಳ್ಳಿ ಅಂದವಳು.

ಶೂಟಿಂಗ್ ದಿನ ನಾನು ಲ್ಯಾಬಿನಲ್ಲಿದ್ದೆ. ತಂಗಿ ಅಲ್ಲೇ ಇದ್ದಳು, ಕ್ಯಾಮೆರಾ ಪಕ್ಕದಲ್ಲಿ ಟೀ ಕುಡಿಯುತ್ತ. ಬೆಳಗಿನಿಂದ ಮಧ್ಯಾಹ್ನದವರೆಗೆ ಅಮ್ಮ ಬೆಂಚಿನ ಮೇಲೆ ಕೂತು ಮುಖ ಹಿಂಡಿದ್ದೇ ಬಂತು, ಒಂದು ಹನಿ ಇಲ್ಲ. ಕಣ್ಣಿಗೆ ಗ್ಲಿಸರಿನ್ ಹಾಕಲು ಬಂದವನಿಗೆ, “ನನ್ನ ಕಣ್ಣು ಆಪರೇಷನ್ ಆಗಿದೆ, ಅದೆಲ್ಲ ತರಬೇಡ” ಎಂದು ಗದರಿದಳು. ಸಾಲದ್ದಕ್ಕೆ, “ಈ ತಾಯಿ ಎದ್ದು ಮನೆಗೆ ಹೋಗಬಾರದಾ? ಯಾಕೆ ಇಲ್ಲೇ ಕೂತಿದ್ದಾಳೆ?” ಎಂದು ನಿರ್ದೇಶಕನನ್ನೇ ಕೇಳಿದಳು. ಎಲ್ಲರೂ ನಕ್ಕರು. ದೊರೆ ನಗಲಿಲ್ಲ.

ಊಟವಾದ ಮೇಲೆ ದೊರೆ ಒಂದು ನಿರ್ಧಾರಕ್ಕೆ ಬಂದ. ಕ್ಲ್ಯಾಪನ್ನು ಕೊನೆಯಲ್ಲಿ ಹೊಡೆಯಿರಿ ಅಂದ. ಅದೂ ಒಂದು ಪದ್ಧತಿಯೇ. ಅಳುವವರು ಆ ಟಪ್ ಸದ್ದಿಗೆ ಬೆಚ್ಚಬಾರದೆಂದು ಕ್ಯಾಮೆರಾವನ್ನು ಸದ್ದಿಲ್ಲದೆ ಮೊದಲೇ ಓಡಿಸಿಬಿಡುತ್ತಾರೆ, ಶಾಟ್ ಮುಗಿದ ಮೇಲೆ ಬೋರ್ಡನ್ನು ತಲೆಕೆಳಗಾಗಿ ಹಿಡಿದು ಹೊಡೆಯುತ್ತಾರೆ. ಕ್ಯಾಮೆರಾ ಓಡಿತು. ದೊರೆ ಅಮ್ಮನ ಬಳಿ ಹೋಗಿ ಬಗ್ಗಿ, ಬಾಯಿಗೆ ಕೈ ಅಡ್ಡ ಹಿಡಿದು, ಕಿವಿಯಲ್ಲಿ ಏನೋ ಹೇಳಿ ಹಿಂದೆ ಸರಿದ. ಸ್ವಲ್ಪ ಹೊತ್ತಿಗೆ ಅಮ್ಮ ಅತ್ತಳು. ಜವಾನನ ಪಾತ್ರದವನು ತನ್ನ ಮಾತನ್ನೇ ಮರೆತು ನಿಂತುಬಿಟ್ಟನಂತೆ. ಕೊನೆಗೆ ತಲೆಕೆಳಗಿನ ಕ್ಲ್ಯಾಪ್ ಬಿತ್ತು, ಎಲ್ಲರೂ ಚಪ್ಪಾಳೆ ಹೊಡೆದರು.

“ಅಕ್ಕಾ, ನೀನು ನೋಡ್ಬೇಕಿತ್ತು! ಅಮ್ಮ ಏನು ಆ್ಯಕ್ಟ್ ಮಾಡಿದ್ಲು ಗೊತ್ತಾ!” ಎಂದು ತಂಗಿ ಮನೆಯಲ್ಲಿ ಕುಣಿದಾಡಿದಳು. ಅಮ್ಮ ತಲೆನೋವು ಎಂದು ಬಚ್ಚಲಿಗೆ ಹೋಗಿ ತುಂಬ ಹೊತ್ತು ಮುಖ ತೊಳೆದಳು.

ಅದಾದ ಮೇಲೆ ಅಮ್ಮ ಕಾಲೇಜಿನ ಒಳಗೆ ಕಾಲಿಡಲಿಲ್ಲ. ಮರೆತ ಸಾಮಾನನ್ನು ಗೇಟಿನಲ್ಲೇ ವಾಚ್‌ಮನ್ ಕೈಗೆ ಕೊಟ್ಟು ಬರುವಳು. ಮನೆಯಲ್ಲೂ ತಂಗಿಯ ತಪ್ಪು ತಿದ್ದುವುದನ್ನು ನಿಲ್ಲಿಸಿದಳು. ಇವಳು ಮಾತಾಡಿದರೆ ಹೂಂ, ಇಲ್ಲದಿದ್ದರೆ ಅದೂ ಇಲ್ಲ. ಮಂಡಿನೋವಿರಬೇಕು, ವಯಸ್ಸಾಯಿತು ಎಂದು ನಾನು ಮುಲಾಮು ತಂದೆ. ತಂಗಿ ಮಾತ್ರ, “ಸದ್ಯ, ಈಗ ಕಾಲೇಜಿಗೆ ಬರಲ್ಲ” ಅಂದಳು. ಈ ಕಿವಿಯಾರೆ ಕೇಳಿದ್ದೇನೆ.

ಎಡಿಟಿಂಗ್ ಶುರುವಾಗಿ ಸ್ವಲ್ಪ ದಿನಗಳಾಗಿರಬೇಕು. ನಾನು ಒಬ್ಬ ದಪ್ಪ ಮನುಷ್ಯನ ತೋಳಿನಲ್ಲಿ ನರ ಹುಡುಕುತ್ತಿದ್ದಾಗ ಫೋನು ಬಂತು. ತಂಗಿ. “ಅಕ್ಕಾ, ಬಾ. ಈಗಲೇ ಬಾ” ಅಂದಳು. ಅವಳ ಧ್ವನಿ ಕೇಳಿ ರಜೆ ಹೇಳಿ ಹೊರಟೆ. ಆ ವಾಸನೆ ಕೋಣೆಯಲ್ಲಿ ಒಬ್ಬಳೇ ಕೂತಿದ್ದಳು. ಏನೂ ಹೇಳದೆ ಹೆಡ್‌ಫೋನನ್ನು ನನ್ನ ತಲೆಗೆ ಹಾಕಿದಳು.

ಅಮ್ಮನ ಬಟ್ಟೆಯೊಳಗೆ, ಕತ್ತಿನ ಹತ್ತಿರ, ಬೆರಳ ತುದಿಯಷ್ಟು ಮೈಕನ್ನು ಸಿಕ್ಕಿಸಿದ್ದರು. ಸೊಂಟದಲ್ಲೊಂದು ಪುಟ್ಟ ರೆಕಾರ್ಡರು. ಅದು ತನ್ನಷ್ಟಕ್ಕೆ ಓಡುತ್ತಿರುತ್ತದೆ, ಶೂಟಿಂಗ್ ಹೊತ್ತಿನಲ್ಲಿ ಅದನ್ನು ಯಾರೂ ಕೇಳುವುದಿಲ್ಲ. ದೊರೆಗೆ ಅದು ಮರೆತೇಹೋಗಿತ್ತು. ಯಾರಿಗೂ ಕೇಳಿಸಬಾರದೆಂದು ಅಮ್ಮನ ಕಿವಿಗೆ ಬಾಯಿಟ್ಟ ಮಹಾನುಭಾವ ಸೀದಾ ಮೈಕಿಗೇ ಬಾಯಿಟ್ಟಿದ್ದ.

“ಅಮ್ಮಾ, ನಿಮಗೆ ಆ್ಯಕ್ಟಿಂಗ್ ಬರುತ್ತೆ ಅಂತ ಕರೆಸಿಲ್ಲ. ನಿಮ್ಮ ಮಗಳೇ ಹೇಳಿದ್ಲು, ಇವಳಿಗೊಂದು ಕೆಲಸ ಕೊಟ್ಟು ಬಾಯಿ ಮುಚ್ಚಿಸು ಅಂತ. ನೀವು ಕಾಲೇಜಿಗೆ ಬಂದಾಗೆಲ್ಲ ಎಲ್ಲಾದ್ರೂ ಬಚ್ಚಿಟ್ಕೊಳ್ಳೋಣ ಅನ್ಸುತ್ತಂತೆ ಅವಳಿಗೆ. ಹೇಳಬಾರದಿತ್ತು. ನಿಮಗೆ ಗೊತ್ತಿರಲಿ ಅಂತ.”

ಆಮೇಲೆ ಅವನ ಚಪ್ಪಲಿಯ ಸದ್ದು ದೂರ ಹೋಯಿತು. ಅಮ್ಮನ ಉಸಿರು ಕೇಳಿಸಿತು. ಮೈಗೆ ಅಷ್ಟು ಹತ್ತಿರವಿದ್ದ ಮೈಕು, ಎದೆ ಹೊಡೆದುಕೊಳ್ಳುವುದೂ ಕೇಳಿಸಿತು.

“ಸುಳ್ಳು ಬೊಗಳಿದ್ದಾನೆ” ಅಂದೆ.

ತಂಗಿ ನನ್ನ ಮುಖ ನೋಡಲಿಲ್ಲ. “ಸುಳ್ಳಲ್ಲ ಅಕ್ಕ. ಕ್ಯಾಂಟೀನಲ್ಲಿ ಹಾಗೇ ಅಂದಿದ್ದೆ. ನಗ್ತಾ ಅಂದಿದ್ದೆ. ಎಲ್ಲರೂ ನಗ್ತಾ ಇದ್ರು.”

ಅವಳ ನಗುವನ್ನು ಕತ್ತರಿಸಿ ಮಾತನ್ನು ಮಾತ್ರ ಅಮ್ಮನ ಕಿವಿಗೆ ತಲುಪಿಸಿದ್ದ. ಆ ಕಾಲೇಜಿನಲ್ಲಿ ಅದಕ್ಕಿಂತ ಚುರುಕಾದ ಎಡಿಟಿಂಗನ್ನು ಯಾರೂ ಮಾಡಿರಲಾರರು. ನನಗೆ ತಂಗಿಯ ಕೆನ್ನೆಗೆ ಎರಡು ಬಿಗಿಯಬೇಕೆನಿಸಿತು. ಬಿಗಿಯಲಿಲ್ಲ. ಹೆಡ್‌ಫೋನನ್ನು ಮೇಜಿನ ಮೇಲೆ ಎಸೆದು ದೊರೆಯನ್ನು ಹುಡುಕಿಕೊಂಡು ಹೋದೆ.

ಕ್ಯಾಂಟೀನಿನಲ್ಲಿ ಶಾಲು ಹೊದ್ದು ಕೂತಿದ್ದ. ನಾನು ಯಾರೆಂದು ಹೇಳಿದೆ, ಏನು ಕೇಳಿ ಬಂದೆ ಎಂದೂ ಹೇಳಿದೆ. ಒಂದು ಗಳಿಗೆ ಬಣ್ಣ ಬದಲಾಯಿತು. ಆಮೇಲೆ ಎಂದಿನಂತೆ ನನ್ನ ತಲೆಯ ಮೇಲಿನ ಗೋಡೆ ನೋಡುತ್ತ, “ನಿಮಗೆ ಅರ್ಥ ಆಗಲ್ಲ ಮೇಡಂ. ಕಲೆ ಅಂದ್ರೆ ಸ್ವಲ್ಪ ನೋವಾಗುತ್ತೆ. ಆ ಶಾಟ್ ನೋಡಿದ್ರಾ? ಹೇಗೆ ಬಂದಿದೆ!” ಅಂದ.

“ನಾನೂ ದಿನಾ ಜನಕ್ಕೆ ನೋವು ಮಾಡೋಳೇ ಕಣಯ್ಯಾ. ಆದ್ರೆ ಸೂಜಿ ತೋರಿಸಿ ಚುಚ್ತೀನಿ. ನಿನ್ನ ಹಾಗೆ ಕಿವಿ ಹತ್ರ ಬಂದು ಕಚ್ಚಲ್ಲ.”

“ಮಾತು ನಿಮ್ಮ ತಂಗೀದು. ನಾನು ಬರೀ ತಲುಪಿಸಿದೆ.”

ಅವನ ಮುಂದಿದ್ದ ಟೀಯನ್ನು ಎತ್ತಿ ಆ ಶಾಲಿಗೆ ಸುರಿದೆ. ಆರಿಹೋಗಿತ್ತು, ಅದೊಂದೇ ಬೇಜಾರು. ಕ್ಯಾಂಟೀನಿನ ಜನ ಎದ್ದು ನಿಂತರು. ಆದರೆ ಅವನಾಡಿದ ಮಾತು ಸುಳ್ಳಾಗಿರಲಿಲ್ಲ, ಟೀ ಸುರಿದರೂ ಅದು ತೊಳೆದುಹೋಗಲಿಲ್ಲ.

ತಂಗಿ ಮೇಷ್ಟ್ರ ಹತ್ತಿರ ಹೋಗಿ ಆ ಶಾಟ್ ಇಲ್ಲದೆ ಸಿನಿಮಾ ಮುಗಿಸುತ್ತೇನೆ ಅಂದಳು. ಅವರು ಧ್ವನಿಯನ್ನು ಪೂರ್ತಿ ಕೇಳಿದರು, ಚಿತ್ರವನ್ನೂ ನೋಡಿದರು. ತುಂಬ ಹೊತ್ತು ಕನ್ನಡಕ ಒರೆಸಿದರು. “ಅವನು ಮಾಡಿದ್ದು ಹೊಲಸು ಕೆಲಸ. ಅದನ್ನ ನಾನು ಬೇರೆ ಕಡೆ ವಿಚಾರಿಸ್ತೀನಿ. ಆದ್ರೆ ಈ ಶಾಟ್ ಇಲ್ದೆ ಈ ಸಿನಿಮಾ ಇಲ್ಲ. ಇದನ್ನ ತೆಗೆದ್ರೆ ಬೆಂಚು ಉಳಿಯುತ್ತೆ ಅಷ್ಟೆ. ಬೆಂಚಿಗೆ ನಾನು ಮಾರ್ಕ್ಸ್ ಕೊಡೋಕಾಗಲ್ಲ.” ಎಂದರೆ ಮೂರು ವರ್ಷದ ಓದು ನೀರಿಗೆ ಹೋದಂತೆ. ಅಮ್ಮನ ಕಣ್ಣೀರನ್ನು ಪರದೆಗೆ ಹಾಕಿ ಪಾಸಾಗಬೇಕು, ಇಲ್ಲವೇ ಬಿಸಾಕಿ ಮನೆಗೆ ಹೋಗಬೇಕು. ಅಷ್ಟರ ಮಟ್ಟಿಗೆ ಅವಳ ಬದುಕು ಆ ಒಂದು ಶಾಟಿಗೆ ನೇತುಬಿದ್ದಿತ್ತು.

ಸಂಜೆ ಮನೆಯಲ್ಲಿ ಅಮ್ಮ ಒಣಗಿದ ಬಟ್ಟೆ ಮಡಚುತ್ತಿದ್ದಳು. ತಂಗಿ ಅವಳ ಎದುರು ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದಳು. ಹೇಳಿ ಮುಗಿಯುವ ತನಕ ಅಮ್ಮ ಮಡಚುವುದನ್ನು ನಿಲ್ಲಿಸಲಿಲ್ಲ.

“ಕ್ಷಮಿಸಮ್ಮ. ತಮಾಷೆಗೆ ಅಂದಿದ್ದು.”

“ತಮಾಷೆ ಅಲ್ಲ” ಅಂದಳು ಅಮ್ಮ. “ನಾನು ಬಂದಾಗ ನಿನ್ನ ಹೆಗಲು ಹೇಗೆ ಕುಗ್ಗುತ್ತೆ ಅಂತ ನನಗೆ ಕಾಣಲ್ವಾ? ಜೀವಮಾನವೆಲ್ಲ ಮಕ್ಕಳ ಮುಖ ನೋಡ್ಕೊಂಡೇ ಪಾಠ ಮಾಡಿದವಳು ನಾನು. ಅವನು ಹೇಳೋಕೆ ಮುಂಚೇನೇ ಗೊತ್ತಿತ್ತು. ಗೊತ್ತಿದ್ದೂ ಬರ್ತಿದ್ದೆ, ಆಸೆಗೆ.”

“ಆ ಶಾಟ್ ಬಿಸಾಕ್ತೀನಿ. ಫೇಲಾದ್ರೂ ಪರವಾಗಿಲ್ಲ.”

ಆಗ ಅಮ್ಮ ಬಟ್ಟೆಯನ್ನು ಕೆಳಗಿಟ್ಟಳು. “ಬಿಸಾಕೋಕೆ ನೀನ್ಯಾರು? ಅತ್ತಿದ್ದು ನಾನು. ಬಿಸಾಕಿದ್ರೆ ನಿನಗೆ ಹಗುರ ಆಗುತ್ತೆ, ಅಮ್ಮನಿಗೋಸ್ಕರ ಏನೋ ತ್ಯಾಗ ಮಾಡ್ದೆ ಅಂತ ತಿರುಗಾಡ್ಬಹುದು. ಬೇಡ. ಇಟ್ಕೋ. ಕೂತ್ಕೊಂಡು ನೋಡು. ನಿನ್ನ ಮಾತಿಗೆ ನಾನು ಹೇಗೆ ಅತ್ತೆ ಅಂತ ಎಷ್ಟು ಸಲ ಬೇಕೋ ಅಷ್ಟು ಸಲ ನೋಡಿ ಕೆಲಸ ಮುಗಿಸು.”

ಅಮ್ಮ ಕ್ಲಾಸಿಗೆ ಬಂದರೆ ಮಕ್ಕಳು ಯಾಕೆ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದರು ಎಂದು ನನಗೆ ಅವತ್ತು ತಿಳಿಯಿತು. ತಂಗಿ ಬಿಳುಚಿಕೊಂಡಿದ್ದಳು. ನನಗೆ ಮೊದಲ ಸಲ ಅವಳ ಮೇಲೆ ಕರುಣೆ ಬಂತು, ಆದರೆ ತೋರಿಸಲಿಲ್ಲ.

ಅವಳು ಕೂತಳು. ಒಂದು ಶಾಟನ್ನು ಕತ್ತರಿಸುವುದೆಂದರೆ ಅದನ್ನು ಎಷ್ಟು ಸಲ ನೋಡಬೇಕೆಂದು ಹೊರಗಿನವರಿಗೆ ತಿಳಿಯದು. ಮುಂದಕ್ಕೆ, ಹಿಂದಕ್ಕೆ, ಸದ್ದಿಲ್ಲದೆ, ಸದ್ದಿನೊಂದಿಗೆ. ಅಮ್ಮನ ಗದ್ದ ನಡುಗುತ್ತದೆ, ನಿಲ್ಲುತ್ತದೆ, ಮತ್ತೆ ನಡುಗುತ್ತದೆ. ಎಲ್ಲಿ ಶುರುಮಾಡಬೇಕು, ಎಲ್ಲಿ ಬಿಡಬೇಕು? ದೊರೆ ಕಣ್ಣು ತುಂಬಿದಲ್ಲಿಂದ ಎಂದು ಗುರುತು ಹಾಕಿ ಹೋಗಿದ್ದ. ಅಲ್ಲಿಯವರೆಗೂ ತಂಗಿಯೂ ಅಲ್ಲಿಂದಲೇ ನೋಡಿದ್ದಳು. ಸೊಂಟದ ರೆಕಾರ್ಡರಿನ ಪಿಸುಮಾತನ್ನು ಬರೀ ಕೇಳಿದ್ದಳು, ಅದಕ್ಕೆ ಚಿತ್ರ ಕೂಡಿಸಿರಲಿಲ್ಲ. ಈಗ ಕೊನೆಯ ತಲೆಕೆಳಗಿನ ಕ್ಲ್ಯಾಪಿಗೆ ಎರಡನ್ನೂ ಹೊಂದಿಸಿ ಹಿಂದಕ್ಕೆ ಹೋದಳು. ಅಳುವಿಗಿಂತ ಹಿಂದೆ, ದೊರೆ ಬಗ್ಗಿದಲ್ಲಿಯವರೆಗೆ.

ದೊರೆ ಹೇಳಿ ಮುಗಿಸಿ ಚೌಕಟ್ಟಿನಿಂದ ಆಚೆ ಹೋಗುತ್ತಾನೆ. ಅಮ್ಮ ಹಾಗೇ ಕೂತಿದ್ದಾಳೆ. ಆಮೇಲೆ ತಲೆಯೆತ್ತಿ ಕ್ಯಾಮೆರಾದ ಪಕ್ಕಕ್ಕೆ ನೋಡುತ್ತಾಳೆ. ಅಲ್ಲಿ ಯಾರಿದ್ದರೆಂದು ತಂಗಿಗೆ ಗೊತ್ತು. ಟೀ ಲೋಟ ಹಿಡಿದು ತಾನೇ ನಿಂತಿದ್ದಳು, ಅಮ್ಮ ನೋಡಿದಾಗ ಹೆಬ್ಬೆರಳು ಎತ್ತಿ ತೋರಿಸಿದ್ದಳು. ಅದಕ್ಕೆ ಉತ್ತರವಾಗಿ ಅಮ್ಮ ನಗುತ್ತಾಳೆ. ಮಕ್ಕಳಿಗೆ ಏನೂ ಆಗಿಲ್ಲ ಎಂದು ತೋರಿಸುವ ದೊಡ್ಡವರ ನಗು. ನಕ್ಕು, ಮುಖ ಬೆಂಚಿನ ಕಡೆ ತಿರುಗಿಸಿಕೊಂಡ ಮೇಲೆ ಅಳು ಬರುತ್ತದೆ.

ತಂಗಿ ಆ ಮಧ್ಯಾಹ್ನ ನನಗೆ ಫೋನ್ ಮಾಡಲಿಲ್ಲ. ಯಾರಿಗೂ ಮಾಡಲಿಲ್ಲ. ಶಾಟನ್ನು ಆ ನಗುವಿನಿಂದ ಶುರುಮಾಡಿದಳು.

ದೊರೆ ನೋಡಿ ಕೂಗಾಡಿದ. “ಇದೇನಿದು? ಮಗ ಬರ್ಲಿಲ್ಲ ಅಂತ ಗೊತ್ತಾದ ತಾಯಿ ಯಾಕೆ ನಗ್ತಾಳೆ? ಪಾತ್ರಕ್ಕೆ ತಲೆ ಇಲ್ಲ, ಬುಡ ಇಲ್ಲ. ತೆಗಿ ಅದನ್ನ!”

“ತೆಗೆಯಲ್ಲ.”

“ಡೈರೆಕ್ಟರ್ ನಾನು!”

“ನಗು ತೆಗೆದ್ರೆ ಅದರ ಹಿಂದಿನದ್ದು ಹಾಕ್ತೀನಿ. ನಿನ್ನ ಬೆನ್ನು, ನಿನ್ನ ಶಾಲು, ನಿನ್ನ ಪಿಸುಮಾತು ಸಮೇತ. ಯಾವುದು ಬೇಕೋ ಆರಿಸ್ಕೋ.”

ಅವನು ಆರಿಸಿಕೊಂಡ. ಆಮೇಲೆ ಆ ಕೋಣೆಯಲ್ಲಿ ಅವರಿಬ್ಬರೂ ಚೀಟಿ ಬರೆದು ತೋರಿಸುತ್ತ ಕೆಲಸ ಮುಗಿಸಿದರಂತೆ.

ಪ್ರದರ್ಶನದ ದಿನ ಅಮ್ಮ ಬರುತ್ತೇನೆ ಅಂದಳು. ನಮಗೆ ನಂಬಿಕೆಯಾಗಲಿಲ್ಲ. ಇಸ್ತ್ರಿ ಮಾಡಿದ ಬಟ್ಟೆ ಉಟ್ಟು, ಗೇಟಿನಲ್ಲಿ ನಿಲ್ಲದೆ ನೇರ ಒಳಗೆ ನಡೆದಳು. ತಂಗಿ ಅವಳ ಪಕ್ಕದಲ್ಲೇ ನಡೆದಳು, ಹೆಗಲು ಕುಗ್ಗದ ಹಾಗೆ ನೋಡಿಕೊಳ್ಳುತ್ತ. ಅಷ್ಟು ನೋಡಿಕೊಂಡು ನಡೆಯುವುದೂ ಕಾಣುತ್ತಿತ್ತು. ನಾವು ಮೂವರೂ ಒಂದೇ ಸಾಲಿನಲ್ಲಿ ಕೂತೆವು, ಅಮ್ಮ ನಡುವೆ. ದೊರೆ ವೇದಿಕೆಗೆ ಬಂದು, “ಆ ತಾಯಿಯಿಂದ ಆ ಕ್ಷಣವನ್ನ ಹೊರತರೋದು ಸುಲಭ ಇರಲಿಲ್ಲ” ಎಂದು ಶುರುಮಾಡಿದ. ನಾನು ಕೆಮ್ಮಿದೆ, ಇಡೀ ಹಾಲಿಗೆ ಕೇಳುವಂತೆ.

ಸಿನಿಮಾ ಓಡಿತು. ಬೆಂಚು ಬಂತು, ಜವಾನ ಬಂದ, ಆ ನಗು ಬಂತು. ನನಗೆ ಆ ನಗು ತೋರಿಸಿರಲಿಲ್ಲ, ಅದೇ ಮೊದಲು ನೋಡಿದ್ದು. ಕತ್ತಲೆಯಲ್ಲಿ ಅಲ್ಲಲ್ಲಿ ಮೂಗು ಎಳೆದುಕೊಳ್ಳುವ ಸದ್ದು. ಹಿಂದಿನ ಸಾಲಿನಲ್ಲಿ ಯಾರೋ ಅಯ್ಯೋ ಅಂದರು. ಈ ನಗುವಿನಿಂದಲೇ ಸಿನಿಮಾ ಗೆದ್ದಿತು, ತಂಗಿ ಪಾಸಾದಳು ಎಂದು ನನಗೆ ಅಲ್ಲೇ ಗೊತ್ತಾಯಿತು.

ಅಮ್ಮ ತಂಗಿಯ ಕಡೆ ತಿರುಗಿದಳು. ಪಿಸುಗುಟ್ಟುವುದು ಅವಳಿಗೆ ಬರುವುದೇ ಇಲ್ಲ.

“ಆ ನಗು ಯಾಕೆ ಇಟ್ಟೆ?”

“ಅವತ್ತು ನಾನು ಅಲ್ಲೇ ನಿಂತಿದ್ದೂ ನಿನಗೇನಾಯ್ತು ಅಂತ ನನಗೆ ಗೊತ್ತಾಗ್ಲಿಲ್ಲ ಅಮ್ಮ. ಅದಕ್ಕೇ.”

“ನಿನಗೆ ಗೊತ್ತಾಗಬಾರದು ಅಂತಾನೇ ನಕ್ಕಿದ್ದು” ಅಂದಳು ಅಮ್ಮ. “ಅಷ್ಟು ಕಷ್ಟಪಟ್ಟು ಮುಚ್ಚಿದ್ದನ್ನ ತಂದು ಎಲ್ಲರ ಮುಂದೆ ಬಿಚ್ಚಿಟ್ಟೆಯಲ್ಲೇ.”

ಹಿಂದಿನವರು ಶ್ ಅಂದರು. ಪರದೆಯ ಮೇಲೆ ಅಮ್ಮ ಅಳುತ್ತಿದ್ದಳು. ನನ್ನ ಪಕ್ಕದಲ್ಲಿದ್ದ ಅಮ್ಮ ಕೈಚೀಲ ಎತ್ತಿಕೊಂಡು, ಕಾಲುಗಳನ್ನು ದಾಟಿ, ಒಬ್ಬಳೇ ಹೊರಗೆ ಹೋದಳು.